ಕೆರೆ ದಡದಿಂದ ಜಿಲೇಬಿ ಮೀನು ಹಿಡಿಯುವುದು: ಗಾಳ, ಬೆಂಡು, ಆಳ

ಮಂಡ್ಯ, ಮೈಸೂರು ಸೀಮೆಯಲ್ಲಿ ಯಾವ ಕೆರೆ ಏರಿ ಮೇಲೆ ಹೋದರೂ ಗಾಳ ಹಾಕಿ ಕೂತವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಮಾತಾಡಿಸಿದರೆ ಬಹಳ ಜನರ ದೂರು ಒಂದೇ: "ಎರೆ ತಿನ್ಕಂಡ್ ಹೋಯ್ತದೆ, ಗಾಳಕ್ಕೆ ಮಾತ್ರ ಬೀಳಾಕಿಲ್ಲ." ಎರೆ ಕದಿಯುವ ಆ ಮೀನು ಹೆಚ್ಚಿನ ಸಲ ಜಿಲೇಬಿಯೇ. ಅದು ಜಾಣತನದಿಂದ ಕದಿಯುತ್ತದೆ ಅಂದುಕೊಳ್ಳುತ್ತೇವೆ. ಆದರೆ ತಪ್ಪು ಸಾಮಾನ್ಯವಾಗಿ ನಮ್ಮ ಕೈಯಲ್ಲಿರುವ ಸಾಮಾನಿನದು. ಗಾಳ ಅದರ ಬಾಯಿಗಿಂತ ದಪ್ಪ, ದಾರಕ್ಕೆ ಕಟ್ಟುವ ಬೆಂಡು ಬೇಕಾದ್ದಕ್ಕಿಂತ ಹೆಚ್ಚು ತೇಲುವಂಥದ್ದು, ಎರೆ ನಿಂತಿರುವ ಆಳ ಬೇರೆ, ಮೀನು ಮೇಯುತ್ತಿರುವ ಆಳ ಬೇರೆ. ಈ ಮೂರನ್ನು ಸರಿಮಾಡಿಕೊಂಡರೆ ಅದೇ ಜಾಗದಲ್ಲಿ, ಅದೇ ಎರೆಹುಳುವಿಗೆ ಮೀನು ಬೀಳುತ್ತದೆ.

ಮೊದಲು ಮೀನಿನ ಬಾಯಿ

ಜಿಲೇಬಿ ಎಂದು ನಾವು ಕರೆಯುವುದು ತಿಲಾಪಿಯಾವನ್ನು. ಆಫ್ರಿಕಾ ಮೂಲದ ಮೀನು, ಭಾರತಕ್ಕೆ ಬಂದದ್ದು 1952ರಲ್ಲಿ. ಈಗ ಅದಿಲ್ಲದ ಕೆರೆ ಹುಡುಕುವುದೇ ಕಷ್ಟ. ಹೆಣ್ಣು ಮೊಟ್ಟೆಯನ್ನೂ ಮರಿಯನ್ನೂ ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ, ಹಾಗಾಗಿ ಮರಿ ಹೆಚ್ಚು ಉಳಿಯುತ್ತದೆ. ಕೆಲವೇ ತಿಂಗಳಿಗೆ, ಇನ್ನೂ ಚಿಕ್ಕದಿರುವಾಗಲೇ ಮರಿಗೆ ಬರುತ್ತದೆ. ಅದಕ್ಕೇ ಮೀನು ತುಂಬಿಹೋದ ಕೆರೆಗಳಲ್ಲಿ ಸಿಗುವುದೆಲ್ಲ ಅಂಗೈ ಅಗಲದ್ದೇ ಆಗಿರುತ್ತದೆ. ಅಂಥ ಕೆರೆಗೆ ಕಾಟ್ಲಾ ಹಿಡಿಯುವ ಗಾಳ ತೆಗೆದುಕೊಂಡು ಹೋದರೆ ಇಡೀ ದಿನ ಎರೆ ಕಟ್ಟುವುದೇ ಕೆಲಸವಾಗುತ್ತದೆ.

ಜಿಲೇಬಿಯ ಬಾಯಿ ಸಣ್ಣದು, ತುಟಿ ದಪ್ಪ. ಪಾಚಿ, ತಳದ ಕೊಳೆ, ಹುಳು, ನೀರಿನ ಕೀಟ ಎಲ್ಲವನ್ನೂ ತಿನ್ನುತ್ತದೆ. ಕೊರವ ಮೀನಿನ ಹಾಗೆ ಹಾರಿಬಂದು ನುಂಗುವುದಿಲ್ಲ. ಎರೆಯ ಎದುರು ನಿಂತು ನೀರಿನ ಜೊತೆ ಒಳಗೆಳೆದುಕೊಳ್ಳುತ್ತದೆ, ಒಗ್ಗದ್ದು ಏನಾದರೂ ಬಾಯಿಗೆ ತಗುಲಿದರೆ ಆ ಕ್ಷಣವೇ ಉಗುಳುತ್ತದೆ. ಈ ಎಳೆದುಕೊಳ್ಳುವಿಕೆ, ಉಗುಳುವಿಕೆಯ ನಡುವೆ ಇರುವ ಹೊತ್ತು ಬಹಳ ಕಡಿಮೆ. ಮುಂದೆ ಹೇಳುವುದೆಲ್ಲ ಆ ಹೊತ್ತನ್ನು ಇನ್ನಷ್ಟು ಉದ್ದ ಮಾಡುವ ಉಪಾಯ.

ಕೋಲು, ತಂಗೂಸಿ, ಗಾಳ

ದಡದಲ್ಲಿ ಕೂತು ಹಿಡಿಯಲು 10ರಿಂದ 12 ಅಡಿ ಉದ್ದದ ಬಿದಿರು ಕೋಲು ಸಾಕು. ಬುಡ ಹೆಬ್ಬೆರಳಿನಷ್ಟು ದಪ್ಪ, ತುದಿ ಪೆನ್ಸಿಲ್‌ಗಿಂತ ಸಣ್ಣ ಇರಲಿ. ಹಸಿ ಬಿದಿರು ಭಾರ, ಬಾಗಿದರೆ ಬಾಗಿದಂತೆಯೇ ನಿಲ್ಲುತ್ತದೆ. ನೆರಳಿನಲ್ಲಿ ತುದಿ ಕೆಳಗೆ ಮಾಡಿ ನೇತುಹಾಕಿ ಮೂರ್ನಾಲ್ಕು ವಾರ ಒಣಗಿಸಿದರೆ ನೆಟ್ಟಗೆ, ಹಗುರವಾಗಿ ಬರುತ್ತದೆ. ಅಂಗಡಿಯಲ್ಲಿ ಸಿಗುವ, ಒಂದರೊಳಗೊಂದು ಸೇರಿಸಿಡುವ ಕೋಲು ಕೊಳ್ಳುವುದಾದರೆ 3.6 ಮೀಟರಿನದು ಅನುಕೂಲ. ಕಾರ್ಬನ್ ಕೋಲಿನಲ್ಲಿ ಕರೆಂಟ್ ಹರಿಯುತ್ತದೆ ಎಂಬುದು ನೆನಪಿರಲಿ. ನಾಲೆ ಏರಿ, ಗದ್ದೆ ಬದುವಿನ ಮೇಲೆ ವಿದ್ಯುತ್ ತಂತಿ ಜೋತುಬಿದ್ದಿರುವ ಕಡೆ ಕೋಲನ್ನು ಮಡಚಿಕೊಂಡೇ ನಡೆಯಿರಿ, ಆ ತಂತಿಯ ಕೆಳಗೆ ಕೂರಲೇಬೇಡಿ.

ತಂಗೂಸಿ, ಅಂದರೆ ಗಾಳ ಕಟ್ಟುವ ನೈಲಾನ್ ದಾರ, 0.18ರಿಂದ 0.20 ಮಿಲಿಮೀಟರ್ ದಪ್ಪ ಇರಲಿ. ದಪ್ಪ ದಾರ ಗಟ್ಟಿ ಎಂದು 0.35, 0.40 ಹಾಕುವವರಿದ್ದಾರೆ. ದಪ್ಪ ತಂಗೂಸಿ ಸುರುಳಿ ಬಿಡುವುದಿಲ್ಲ, ಹಗುರವಾದ ಎರೆಯನ್ನು ತಳಕ್ಕೆ ಸಲೀಸಾಗಿ ಇಳಿಯಲು ಬಿಡುವುದಿಲ್ಲ, ಮೀನು ಎರೆ ಎಳೆದುಕೊಂಡಾಗ ಕಡ್ಡಿಯ ಹಾಗೆ ತಡೆಯುತ್ತದೆ. ಕಾಲು ಕೆ.ಜಿ. ಮೀನಿಗೆ 0.18 ಧಾರಾಳ. ತಂಗೂಸಿಯ ಉದ್ದ ಕೋಲಿಗಿಂತ ಒಂದು ಅಡಿ ಕಡಿಮೆ ಇದ್ದರೆ ಮೀನು ಎತ್ತಿದಾಗ ನೇರ ಎದೆಮಟ್ಟಕ್ಕೆ ಬರುತ್ತದೆ. ಕೋಲಿಗಿಂತ ಉದ್ದವಿದ್ದರೆ ಮೀನನ್ನು ದಡದ ಮುಳ್ಳಿನ ಮೇಲೆಲ್ಲ ಎಳೆದಾಡಬೇಕಾಗುತ್ತದೆ.

ಗಾಳ ಕೊಳ್ಳುವಾಗ ನಂಬರ್ ಕೇಳಿ. ನಂಬರ್ ಹೆಚ್ಚಾದಂತೆ ಗಾಳ ಸಣ್ಣದಾಗುತ್ತದೆ. ಅಂಗೈ ಅಗಲದ ಮೀನಿಗೆ 12, ಅರ್ಧ ಕೆ.ಜಿ. ಹತ್ತಿರದ ಮೀನಿರುವ ಕೆರೆಗೆ 10, ಇಷ್ಟೇ ಸಾಕು. ಕಂಬಿ ತೆಳ್ಳಗಿರಲಿ. ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಉಗುರಿಗೆ ಕಚ್ಚಿಕೊಂಡರೆ ಚೂಪಿದೆ, ಜಾರಿದರೆ ಬಿಸಾಡಬೇಕಾದ ಗಾಳ. ಕಲ್ಲಿನ ಏರಿಯಲ್ಲಿ ಹಿಡಿಯುವಾಗ ಹತ್ತು ಹದಿನೈದು ಮೀನಿಗೊಮ್ಮೆ ಹೀಗೆ ನೋಡಲೇಬೇಕು, ಒಂದು ಸಲ ಕಲ್ಲಿಗೆ ತಾಗಿದರೂ ಮೊನೆ ಮಡಚಿಕೊಳ್ಳುತ್ತದೆ.

ಗಾಳ ಕಟ್ಟುವ ಗಂಟಿನ ವಿಷಯದಲ್ಲಿ ಅವಸರ ಬೇಡ. ತಂಗೂಸಿಯ ತುದಿಯನ್ನು ಗಾಳದ ಕಣ್ಣಿನೊಳಗೆ ತೂರಿಸಿ ನಾಲ್ಕು ಬೆರಳಿನಷ್ಟು ಹೊರಗೆಳೆಯಿರಿ. ಆ ತುದಿಯನ್ನು ಉದ್ದನೆಯ ಎಳೆಯ ಸುತ್ತ ಐದಾರು ಸುತ್ತು ಸುತ್ತಿ. ವಾಪಸ್ ತಂದು, ಕಣ್ಣಿನ ಪಕ್ಕದಲ್ಲೇ ಉಳಿದಿರುವ ಸಣ್ಣ ಕುಣಿಕೆಯೊಳಗೆ ತೂರಿಸಿ. ಈಗ ಮೇಲ್ಗಡೆ ಇನ್ನೊಂದು ದೊಡ್ಡ ಕುಣಿಕೆ ಆಗಿರುತ್ತದೆ, ಅದರೊಳಗೂ ಒಮ್ಮೆ ತೂರಿಸಿ. ಎಂಜಲು ಹಚ್ಚಿ ಒದ್ದೆ ಮಾಡಿಕೊಂಡು ನಿಧಾನವಾಗಿ ಬಿಗಿಯಿರಿ. ಒಣ ತಂಗೂಸಿಯನ್ನು ಜಗ್ಗಿ ಬಿಗಿದರೆ ಉಜ್ಜಿ ಬಿಸಿಯಾಗಿ ಗಂಟಿನ ಮೇಲಿನ ಎಳೆ ಗುಂಗುರು ಗುಂಗುರಾಗುತ್ತದೆ, ದೊಡ್ಡ ಮೀನು ಬಿದ್ದ ದಿನ ಕಿತ್ತು ಹೋಗುವುದು ಸರಿಯಾಗಿ ಅಲ್ಲೇ. ಬಿಗಿದ ಗಂಟನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತುಗಳು ಒಂದರ ಪಕ್ಕ ಒಂದು ಸಾಲಾಗಿ ಕೂತಿರಬೇಕು. ಒಂದರ ಮೇಲೊಂದು ಹತ್ತಿದ್ದರೆ ಕತ್ತರಿಸಿ ಮತ್ತೆ ಕಟ್ಟಿ. ತುದಿಯನ್ನು ಗಂಟಿಗೆ ಅಂಟಿದಂತೆ ಕತ್ತರಿಸಬೇಡಿ, 2 ಮಿಲಿಮೀಟರ್ ಬಿಡಿ.

ಬೆಂಡು

ಎರೆ ಕಳೆದುಕೊಳ್ಳುವವರ ಕೋಲು ನೋಡಿದರೆ ಬೆಂಡು ಲಿಂಬೆಕಾಯಿ ಗಾತ್ರದ ಥರ್ಮೋಕೋಲ್ ಉಂಡೆಯಾಗಿರುತ್ತದೆ, ಅಥವಾ ಹವಾಯಿ ಚಪ್ಪಲಿಯಿಂದ ಕೊಯ್ದ ರಬ್ಬರ್ ತುಂಡು. ಅಷ್ಟು ತೇಲುವ ವಸ್ತುವನ್ನು ನೀರಿನೊಳಗೆ ಎಳೆಯಲು ಮೀನು ಬಲ ಹಾಕಬೇಕು. ಜಿಲೇಬಿ ಬಲ ಹಾಕುವ ಮೀನಲ್ಲ. ಎರೆ ಹಿಂದಕ್ಕೆ ಜಗ್ಗಿತು ಅಂದ ಕೂಡಲೇ ಉಗುಳುತ್ತದೆ. ದಡದಲ್ಲಿ ಕೂತವರಿಗೆ ಕಾಣುವುದು ಬೆಂಡಿನ ಒಂದೆರಡು ಕುಲುಕಾಟ, ಆಮೇಲೆ ಬರಿ ಗಾಳ.

ಬೇಕಾಗಿರುವುದು ಕಡ್ಡಿಯಂಥ ಬೆಂಡು. ಒಣಗಿದ ಜೋಳದ ದಂಟು ಇದಕ್ಕೆ ಬಹಳ ಚೆನ್ನ. ಹೊರಗಿನ ಗಡುಸು ಸಿಪ್ಪೆ ಸುಲಿದು, ಒಳಗಿನ ಬಿಳಿ ತಿರುಳನ್ನು 3 ಅಂಗುಲ ಉದ್ದಕ್ಕೆ ಕತ್ತರಿಸಿ. ಬ್ಲೇಡಿನಿಂದ ಹೆರೆದು, ಮರಳು ಕಾಗದದಲ್ಲಿ ಉಜ್ಜಿ ಪೆನ್ಸಿಲ್ ದಪ್ಪಕ್ಕೆ ತನ್ನಿ. ಎರಡೂ ತುದಿ ಸ್ವಲ್ಪ ಮೊನಚಾಗಲಿ. ತಿರುಳು ನೀರು ಕುಡಿಯುತ್ತದೆ. ಹಾಗೇ ಬಳಸಿದರೆ ಒಂದು ಗಂಟೆಯಲ್ಲಿ ಭಾರವಾಗಿ ಕುಗ್ಗುತ್ತದೆ, ಆಗ ಮೀನು ಎಳೆಯಿತೋ ಬೆಂಡೇ ಇಳಿಯಿತೋ ಗೊತ್ತಾಗುವುದಿಲ್ಲ. ಅದಕ್ಕೆ ವಾರ್ನಿಶ್ ಅಥವಾ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಕೈ ಬಳಿದು ಒಣಗಿಸಿ, ಮೇಲಿನ ಕಾಲು ಅಂಗುಲಕ್ಕೆ ಮಾತ್ರ ಕೆಂಪು ಹಚ್ಚಿ. ಜೋಳದ ದಂಟು ಸಿಗದಿದ್ದರೆ ದಪ್ಪ ಗರಿಯ ಬುಡದ ಕೊಳವೆಯೂ ಆಗುತ್ತದೆ, ಅದರ ತೆರೆದ ತುದಿಯನ್ನು ಮೇಣ ಅಥವಾ ಫೆವಿಕ್ವಿಕ್‌ನಿಂದ ಮುಚ್ಚಿದರೆ ಸರಿ.

ಬೆಂಡನ್ನು ತಂಗೂಸಿಗೆ ಗಂಟು ಹಾಕಿ ಕಟ್ಟಬೇಡಿ. ಸೈಕಲ್ ಅಂಗಡಿಯಲ್ಲಿ ಸಿಗುವ ವಾಲ್‌ಟ್ಯೂಬ್‌ನಿಂದ ಅರ್ಧ ಸೆಂಟಿಮೀಟರಿನ ಎರಡು ತುಂಡು ಕತ್ತರಿಸಿ ಮೊದಲು ತಂಗೂಸಿಗೆ ಪೋಣಿಸಿ, ಆಮೇಲೆ ಬೆಂಡಿನ ಮೇಲ್ತುದಿಗೊಂದು, ಕೆಳತುದಿಗೊಂದು ತೊಡಿಸಿ. ಬೆಂಡು ಬಿಗಿಯಾಗಿ ನಿಲ್ಲುತ್ತದೆ, ಒದ್ದೆ ಬೆರಳಿನಿಂದ ತಳ್ಳಿದರೆ ಮೇಲೆ ಕೆಳಗೆ ಜಾರುತ್ತದೆ. ಆಳ ಬದಲಿಸುವುದು ದಿನಕ್ಕೆ ಇಪ್ಪತ್ತು ಸಲ ಮಾಡಬೇಕಾದ ಕೆಲಸವಾದ್ದರಿಂದ ಈ ಜಾರುವ ಗುಣ ಬೇಕೇ ಬೇಕು.

ಇನ್ನು ಸೀಸ. ಸೀಳು ಇರುವ ಸಣ್ಣ ಸೀಸದ ಗುಂಡು ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ತೆಳು ಸೀಸದ ತಗಡನ್ನು ತಂಗೂಸಿಗೆ ಸುತ್ತಬಹುದು. ಗುಂಡನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯುವ ಅಭ್ಯಾಸ ಬಿಡಿ. ಸೀಸ ವಿಷ. ಸಣ್ಣ ಇಕ್ಕಳ ಇಟ್ಟುಕೊಳ್ಳಿ. ಭಾರದ ಗುಂಡನ್ನು ಗಾಳದಿಂದ ಒಂದು ಅಡಿ ಮೇಲೆ, ಸಾಸಿವೆಗಿಂತ ತುಸು ದೊಡ್ಡದಾದ ಒಂದು ಗುಂಡನ್ನು ಗಾಳದಿಂದ ನಾಲ್ಕು ಬೆರಳು ಮೇಲೆ ಹಾಕಿ.

ಎಷ್ಟು ಸೀಸ ಬೇಕು ಎನ್ನುವುದನ್ನು ಕೆರೆಗೆ ಹೋಗಿ ಲೆಕ್ಕ ಹಾಕಬೇಡಿ, ಮನೆಯಲ್ಲೇ ಬಕೆಟ್ ನೀರಿನಲ್ಲಿ ನೋಡಿಕೊಳ್ಳಿ. ಗಾಳ, ಬೆಂಡು, ಗುಂಡು ಎಲ್ಲ ಸೇರಿದ್ದನ್ನು ನೀರಿಗೆ ಬಿಟ್ಟಾಗ ಬೆಂಡಿನ ಕೆಂಪು ತುದಿ, ಅಂದರೆ ಕಾಲು ಅಂಗುಲ, ಅಷ್ಟೇ ಮೇಲಿರಬೇಕು. ಅಂಗುಲದಷ್ಟು ಎದ್ದು ನಿಂತರೆ ಸೀಸ ಸಾಲದು. ಮೆಲ್ಲಗೆ ಮುಳುಗಿಹೋದರೆ ಹೆಚ್ಚಾಯಿತು, ಒಂದು ಸಣ್ಣ ಗುಂಡು ತೆಗೆಯಿರಿ. ಸರಿಯಾಗಿ ತೂಗಿದ ಬೆಂಡಿನ ತಲೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ಯಾವ ತಡೆಯೂ ಇಲ್ಲದೆ ಕೆಳಗೆ ಹೋಗಿ ತಾನೇ ಎದ್ದು ಬರುತ್ತದೆ. ಎರೆ ಎಳೆದುಕೊಂಡ ಮೀನಿಗೂ ಅಷ್ಟೇ ತಡೆ ಸಿಗುತ್ತದೆ ಎಂದರೆ ಅದು ಉಗುಳಲು ಕಾರಣವೇ ಇರುವುದಿಲ್ಲ. ಗಾಳಿ ಜೋರಿದ್ದು ಅಲೆ ಏಳುವ ದಿನ ಮಾತ್ರ ಬೆಂಡನ್ನು ಅರ್ಧ ಅಂಗುಲ ಮೇಲೆ ಬಿಡಬಹುದು.

ಆಳ ಅಳೆಯುವುದು

ಗಾಳಕ್ಕೆ ಒಂದು ಭಾರದ ಸೀಸ ಅಥವಾ ನಟ್ಟು ಸಿಕ್ಕಿಸಿ ಕೂರುವ ಜಾಗದ ಎದುರು ಬಿಡಿ. ಬೆಂಡು ಮುಳುಗಿದರೆ ಆಳ ಬೆಂಡಿನಿಂದ ಗಾಳದವರೆಗಿನ ಉದ್ದಕ್ಕಿಂತ ಹೆಚ್ಚಿದೆ, ಮೇಲಕ್ಕೆ ಸರಿಸಿ. ಬೆಂಡು ಅಡ್ಡ ಮಲಗಿದರೆ ಆಳ ಕಡಿಮೆ, ಕೆಳಕ್ಕೆ ಸರಿಸಿ. ಕೆಂಪು ತುದಿ ಮಾತ್ರ ಕಾಣುವಂತೆ ಬಂದಾಗ ಗಾಳ ಸರಿಯಾಗಿ ತಳ ಮುಟ್ಟಿದೆ ಎಂದರ್ಥ. ಎಡಕ್ಕೆ, ಬಲಕ್ಕೆ, ಮುಂದಕ್ಕೆ ನಾಲ್ಕೈದು ಕಡೆ ಹೀಗೆ ನೋಡಿದರೆ ನೀರಿನ ಕೆಳಗಿನ ನೆಲ ಕಣ್ಣಿಗೆ ಕಟ್ಟುತ್ತದೆ. ನಮ್ಮ ಕೆರೆಗಳಲ್ಲಿ ಮಣ್ಣು ತೆಗೆದ ಹಳ್ಳಗಳು ಬೇಕಾದಷ್ಟಿವೆ. ಮೂರಡಿ ಇದ್ದದ್ದು ಇದ್ದಕ್ಕಿದ್ದಂತೆ ಆರಡಿಯಾಗುವ ಅಂಚು ಸಿಕ್ಕರೆ ಅದೇ ಜಾಗ. ಮೀನು ಆ ಅಂಚಿನ ಉದ್ದಕ್ಕೂ ಓಡಾಡುತ್ತದೆ.

ಶುರುವಿಗೆ ಎರೆ ತಳದಿಂದ ಎರಡು ಬೆರಳು ಮೇಲಿರಲಿ. ಕಾಲು ಗಂಟೆ ಏನೂ ಮುಟ್ಟದಿದ್ದರೆ ಅರ್ಧ ಅಡಿ ಮೇಲೆ ತನ್ನಿ, ಮತ್ತೆ ಕಾಲು ಗಂಟೆ ಬಿಟ್ಟು ಇನ್ನರ್ಧ ಅಡಿ. ಮಧ್ಯಾಹ್ನದ ಬಿಸಿಲಿಗೆ ಪಾಚಿ ಮೇಯಲು ಮೀನು ಮೇಲ್ನೀರಿಗೆ ಬಂದಿರುವುದುಂಟು, ಆಗ ಎರಡಡಿ ಆಳದಲ್ಲೇ ಬೀಳುತ್ತದೆ. ಜಾಗ ಬದಲಿಸುವ ಮೊದಲು ಆಳ ಬದಲಿಸಿ ನೋಡಬೇಕು. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ.

ಎರೆ, ಮೇವು

ತಿಪ್ಪೆ ಪಕ್ಕ, ಬಚ್ಚಲು ನೀರು ಹರಿಯುವ ಬಾಳೆ ಬುಡದಲ್ಲಿ ಸಿಗುವ ಕೆಂಪು ಎರೆಹುಳು ವರ್ಷವಿಡೀ ನಡೆಯುತ್ತದೆ. ಇಡೀ ಹುಳು ಕಟ್ಟಿದರೆ ಜಿಲೇಬಿ ಜೋತುಬಿದ್ದ ತುದಿಯನ್ನಷ್ಟೇ ಕಚ್ಚಿ ಎಳೆಯುತ್ತದೆ. ಒಂದು ಅಂಗುಲದ ತುಂಡು ಮಾಡಿ, ಗಾಳದ ಕಂಬಿಯ ಉದ್ದಕ್ಕೂ ಕಾಲುಚೀಲದಂತೆ ಏರಿಸಿ, ಮೊನೆಯ ಆಚೆ ಭತ್ತದ ಕಾಳಿನಷ್ಟು ಮಾತ್ರ ಅಲುಗಾಡಲು ಬಿಡಿ. ಮಳೆಗಾಲದ ಕೆಂಪು ನೀರಿನಲ್ಲಿ ಹಿಟ್ಟಿನ ಎರೆ ಮೀನಿಗೆ ಕಾಣುವುದಿಲ್ಲ, ಹುಳುವೇ ಬೇಕು.

ತಿಳಿ ನೀರಿಗೆ ಹಿಟ್ಟು. ಗೋಧಿ ಹಿಟ್ಟು ಒಂದು ಲೋಟ, ಜರಡಿ ಹಿಡಿದ ಕಡ್ಲೆಕಾಯಿ ಹಿಂಡಿ ಪುಡಿ ಕಾಲು ಲೋಟ, ಬೆಲ್ಲದ ನೀರು ಕಲಸಲು ಬೇಕಾದಷ್ಟು. ಕಿವಿ ಹಾಲೆಯಷ್ಟು ಮೆತ್ತಗೆ, ಬೆರಳಿಗೆ ಅಂಟದಂತೆ ನಾದಿ. ಕೊನೆಗೆ ಚಿಟಿಕೆ ಹತ್ತಿಯನ್ನು ಎಳೆಎಳೆಯಾಗಿ ಬಿಡಿಸಿ ಸೇರಿಸಿ ಮತ್ತೆ ನಾದಿದರೆ ಹಿಟ್ಟು ನೀರಿನಲ್ಲಿ ಬೇಗ ಕರಗುವುದಿಲ್ಲ. ಹತ್ತಿ ಹೆಚ್ಚಾದರೆ ಗಾಳದ ಮೊನೆ ಹಿಟ್ಟನ್ನು ಸೀಳಿ ಹೊರಗೆ ಬರುವುದಿಲ್ಲ, ಮೀನು ಬೀಳುವುದಿಲ್ಲ. ರಾತ್ರಿ ಉಳಿದ ರಾಗಿ ಮುದ್ದೆಯೂ ಒಳ್ಳೆಯ ಎರೆಯೇ. ಬರಿ ಮುದ್ದೆ ಒಂದೆರಡು ನಿಮಿಷಕ್ಕೆ ಬಿಟ್ಟುಕೊಳ್ಳುವುದರಿಂದ ಸ್ವಲ್ಪ ಒಣ ಗೋಧಿ ಹಿಟ್ಟು ಹಾಕಿ ನಾದಿಕೊಳ್ಳಬೇಕು. ಎರೆಯ ಉಂಡೆ ಕಡಲೆಕಾಳಿಗಿಂತ ದೊಡ್ಡದಾಗುವುದು ಬೇಡ, ಗಾಳದ ಮೊನೆ ಹಿಟ್ಟಿನ ಅಂಚಿನಲ್ಲೇ ಇರಲಿ. ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟುಕೊಳ್ಳಿ, ಬಿಸಿಲಿಗೆ ಮೇಲ್ಪದರ ಒಣಗಿದರೆ ಉಪಯೋಗವಿಲ್ಲ.

ಮೀನನ್ನು ಒಂದೆಡೆ ನಿಲ್ಲಿಸಲು ಮೇವು ಹಾಕಬೇಕು. ಅಕ್ಕಿ ತೌಡು 1 ಕೆ.ಜಿ., ಕಡ್ಲೆಕಾಯಿ ಹಿಂಡಿ 200 ಗ್ರಾಂ, ಅದೇ ಕೆರೆಯ ಮಣ್ಣು ಒಂದು ಬೊಗಸೆ. ತೌಡನ್ನು ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಹುರಿದುಕೊಂಡರೆ ವಾಸನೆ ದೂರ ಹೋಗುತ್ತದೆ. ನೀರು ಚಿಮುಕಿಸುತ್ತ ಕಲಸಿ. ಹಿಡಿಯಲ್ಲಿ ಅದುಮಿದರೆ ಉಂಡೆಯಾಗಬೇಕು, ಹೆಬ್ಬೆರಳಿನಿಂದ ತಳ್ಳಿದರೆ ಒಡೆಯಬೇಕು. ನೀರು ಹೆಚ್ಚಾಗಿ ಮುದ್ದೆಯಾದರೆ ಉಂಡೆ ತಳದ ಕೆಸರಿನಲ್ಲಿ ಹಾಗೇ ಹೂತುಕೊಳ್ಳುತ್ತದೆ. ಶುರುವಿಗೆ ನಿಂಬೆಹಣ್ಣಿನ ಗಾತ್ರದ ನಾಲ್ಕು ಉಂಡೆ ಬೆಂಡು ನಿಲ್ಲುವ ಜಾಗಕ್ಕೇ ಹಾಕಿ, ಆಮೇಲೆ ಇಪ್ಪತ್ತು ನಿಮಿಷಕ್ಕೊಂದು. ಇಡೀ ಬಕೆಟ್ ಒಮ್ಮೆಗೇ ಸುರಿದರೆ ಮೀನಿನ ಹೊಟ್ಟೆ ತುಂಬುತ್ತದೆ, ನಮ್ಮ ಎರೆ ಅದಕ್ಕೆ ಬೇಡವಾಗುತ್ತದೆ.

ಎಲ್ಲಿ, ಯಾವಾಗ

ಕೆರೆಯಲ್ಲಿ ನೋಡಬೇಕಾದ ಜಾಗಗಳು ಗೊತ್ತಿರುವವೇ: ಜೊಂಡಿನ ಅಂಚು, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ದನ ನೀರಿಗಿಳಿದು ತಳ ಕದಡುವ ಕಡೆ, ನಾಲೆಯಿಂದ ಕೆರೆಗೆ ನೀರು ಬೀಳುವ ಬಾಯಿ. ದಡದ ಹತ್ತಿರ ಮೊಣಕಾಲುದ್ದ ನೀರಿನಲ್ಲಿ ತಟ್ಟೆ ಇಟ್ಟ ಹಾಗೆ ದುಂಡನೆಯ ಗುಳಿಗಳು ಕಂಡರೆ ಅವು ಗಂಡು ಜಿಲೇಬಿ ಮಾಡಿದ ಗೂಡುಗಳು. ಅದರ ಮೇಲೆ ಎರೆ ಬಿಟ್ಟರೆ ಗಂಡು ತಿನ್ನಲು ಬರುವುದಿಲ್ಲ, ಓಡಿಸಲು ಬಂದು ತುಟಿಯಂಚಿನಲ್ಲಿ ಕಚ್ಚಿ ಬಿಡುತ್ತದೆ. ಬೆಂಡು ಕುಣಿದರೂ ಮೀನು ಸಿಗದು. ಗುಳಿಗಳಿಂದ ಎಂಟು ಹತ್ತು ಅಡಿ ಆಚೆ, ಆಳ ಶುರುವಾಗುವಲ್ಲಿ ಹಾಕುವುದೇ ಸರಿ.

ಗಾಳಿ ಯಾವ ದಡಕ್ಕೆ ಹೊಡೆಯುತ್ತದೋ ಆ ದಡಕ್ಕೆ ಮೀನಿನ ಆಹಾರವೂ ತೇಲಿಬರುತ್ತದೆ. ಆಷಾಢದ ಗಾಳಿ ಪಶ್ಚಿಮದಿಂದ ಬೀಸುವಾಗ ಪೂರ್ವದ ದಡ ಹಿಡಿಯಿರಿ. ಮುಖಕ್ಕೆ ಗಾಳಿ ಬಡಿದು ಕಿರಿಕಿರಿಯಾದರೂ ಮೀನಿರುವುದು ಅಲ್ಲೇ.

ಫೆಬ್ರವರಿಯಿಂದ ಮೇವರೆಗೆ ನೀರು ಇಳಿದು ಬೆಚ್ಚಗಿರುವ ಕಾಲ ಜಿಲೇಬಿಗೆ ಒಳ್ಳೆಯದು. ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ. ಡಿಸೆಂಬರ್, ಜನವರಿಯ ಚಳಿಗೆ ಬೆಳಿಗ್ಗೆ ಮೀನು ಮಂಕಾಗಿರುತ್ತದೆ. ಹತ್ತು ಗಂಟೆಯ ಮೇಲೆ ಬಿಸಿಲು ಬಿದ್ದ ತೆಳು ನೀರಿನಲ್ಲಿ ನೋಡಿ. ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬರುವುದಿಲ್ಲ. ನೀರು ಬಟಾಣಿ ಸೂಪಿನಂತೆ ದಟ್ಟ ಹಸಿರಾಗಿರುವ ಕೆರೆಯಲ್ಲಿ ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ನೀರಿನ ಆಮ್ಲಜನಕ ತೀರ ಕಡಿಮೆಯಾಗಿರುತ್ತದೆ. ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿರುತ್ತವೆ. ಎಷ್ಟೊಂದು ಮೀನಿದೆ ಎಂದು ಆಸೆಯಾಗುತ್ತದೆ, ಒಂದೂ ಎರೆ ಮುಟ್ಟುವುದಿಲ್ಲ. ಅಂಥ ಕೆರೆಗೆ ಬಿಸಿಲೇರಿದ ಮೇಲೆ, ಒಂಬತ್ತರ ನಂತರ ಹೋಗುವುದು ಲೇಸು.

ನಾಲೆಯ ಲೆಕ್ಕ ಬೇರೆ. ವಿಶ್ವೇಶ್ವರಯ್ಯ ನಾಲೆಗೆ ಬೇಸಿಗೆಯಲ್ಲಿ ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಹರಿಸಿ, ಕೆಲವು ದಿನ ನಿಲ್ಲಿಸಿ) ನೀರು ಬಿಟ್ಟಾಗ, ನೀರು ನಿಂತ ಒಂದೆರಡು ದಿನದಲ್ಲಿ ಸೇತುವೆ ಕೆಳಗಿನ, ನೀರು ಧುಮುಕುವ ಕಡೆಯ ಗುಂಡಿಗಳಲ್ಲಿ ಮೀನು ಸೇರಿಕೊಳ್ಳುತ್ತದೆ. ಆದರೆ ನೀರು ತುಂಬಿ ಹರಿಯುವ ದೊಡ್ಡ ನಾಲೆಯ ಕಾಂಕ್ರೀಟ್ ಇಳಿಜಾರಿಗೆ ಕಾಲಿಡಬೇಡಿ. ಪಾಚಿ ಕಟ್ಟಿದ ಇಳಿಜಾರಿನಲ್ಲಿ ಜಾರಿದವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ, ಈಜು ಬಂದರೂ ಹತ್ತಿ ಬರಲಾಗುವುದಿಲ್ಲ. ಕೆರೆಯ ತೂಬು ತೆರೆದಿರುವಾಗ ಅದರ ಬಾಯಿಯ ಬಳಿ ನೀರಿಗಿಳಿಯಬೇಡಿ. ಕಾವೇರಿ ದಡದಲ್ಲಿ, ಕೆ.ಆರ್.ಎಸ್. ಹಿನ್ನೀರಿನಲ್ಲಿ ಮೊಸಳೆ ಇವೆ. ನೀರಿನಂಚಿನಿಂದ ಹತ್ತಡಿ ಹಿಂದೆ ಕೂರಿ, ಮೀನು ತೊಳೆಯಲು, ಕೈಕಾಲು ತೊಳೆಯಲು ಅಲ್ಲಿ ಇಳಿಯಬೇಡಿ. ಅಣೆಕಟ್ಟೆಯಿಂದ ನೀರು ಬಿಟ್ಟರೆ ಬಲಮುರಿಯಂಥ ಕಡೆ ಬಂಡೆಯ ಮೇಲೆ ಕೂತವರ ಸುತ್ತ ನೋಡನೋಡುತ್ತ ನೀರೇರುತ್ತದೆ.

ಕೆರೆಯ ಮೀನಿಗೆ ಯಾರದಾದರೂ ಹಕ್ಕಿದ್ದೇ ಇರುತ್ತದೆ. ಮೀನುಗಾರಿಕೆ ಇಲಾಖೆಯೋ ಗ್ರಾಮ ಪಂಚಾಯಿತಿಯೋ ಸಹಕಾರ ಸಂಘಕ್ಕೆ ಅಥವಾ ಗುತ್ತಿಗೆದಾರರಿಗೆ ಕೊಟ್ಟಿರುತ್ತದೆ. ಹೋಗುವ ಮೊದಲು ಊರಿನಲ್ಲಿ ಕೇಳಿ, ಒಪ್ಪಿಗೆ ಪಡೆದು ಕೂರಿ. ಜಲಾಶಯಕ್ಕೆ ಪರವಾನಗಿ ಬೇಕು. ರಂಗನತಿಟ್ಟು ಪಕ್ಷಿಧಾಮ, ಮೈಸೂರಿನ ಕುಕ್ಕರಹಳ್ಳಿ, ಕಾರಂಜಿ ಕೆರೆಗಳು ಗಾಳ ತೆಗೆದುಕೊಂಡು ಹೋಗುವ ಜಾಗಗಳಲ್ಲ.

ಹಾಕುವುದು, ಎತ್ತುವುದು

ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಗಾಳದ ಮೇಲಿನ ಗುಂಡು ಹಿಡಿದು ತಂಗೂಸಿ ತುಸು ಬಿಗಿ ಮಾಡಿ. ಕೋಲಿನ ತುದಿ ಎತ್ತುತ್ತ ಗುಂಡು ಬಿಟ್ಟರೆ ಗಾಳ ತೊಟ್ಟಿಲಿನಂತೆ ತೂಗಿ ಮುಂದೆ ಹೋಗಿ ಬೀಳುತ್ತದೆ. ತಲೆಯ ಮೇಲಿಂದ ಬೀಸಿದರೆ ಹಿಟ್ಟು ಕಳಚಿ ಹಾರುತ್ತದೆ, ಜಾಲಿ ಮರಕ್ಕೂ ಪಕ್ಕದವರ ಕಿವಿಗೂ ಗಾಳ ಸಿಕ್ಕಿಕೊಳ್ಳುತ್ತದೆ. ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ಕೂರಿ. ಪಾಂಡವಪುರದ ಬಳಿಯ ತೊಣ್ಣೂರು ಕೆರೆಯಂಥ ತಿಳಿ ನೀರಿನಲ್ಲಿ ಇದು ಇನ್ನೂ ಮುಖ್ಯ, ಅಲ್ಲಿ ನಿಂತು ಓಡಾಡಿದರೂ ಮೀನು ಸರಿಯುತ್ತದೆ.

ಬೆಂಡು ಅದುರಿದರೆ ಎತ್ತಬೇಡಿ. ಅದು ಮೀನು ಮೂಸುತ್ತಿರುವುದು, ಅಥವಾ ಪಕ್ಕೆ ಎಂಬ ಸಣ್ಣ ಮೀನಿನ ಮರಿಗಳು ಕುಕ್ಕುತ್ತಿರುವುದು. ಬೆಂಡು ಒಂದೇ ಕಡೆಗೆ ಜಾರಿಕೊಂಡು ಹೋದರೆ, ಮುಳುಗಿದರೆ, ಅಥವಾ ಇದ್ದದ್ದಕ್ಕಿಂತ ಮೇಲೆದ್ದು ಅಡ್ಡ ಮಲಗಿದರೆ, ಈ ಮೂರಕ್ಕೂ ಎತ್ತಿ. ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮೀನು ತಳದಲ್ಲಿದ್ದ ಎರೆಯನ್ನು ಬಾಯಿಗೆ ಹಾಕಿಕೊಂಡು ಮೇಲೆದ್ದಾಗ ಕೆಳಗಿನ ಗುಂಡಿನ ಭಾರ ಬೆಂಡಿನ ಮೇಲಿಂದ ಇಳಿಯುತ್ತದೆ, ಬೆಂಡು ಏಳುತ್ತದೆ. ಅಂದರೆ ಆಗ ಎರೆ ಪೂರ್ತಿ ಬಾಯೊಳಗಿದೆ. ಅದಕ್ಕಿಂತ ಒಳ್ಳೆಯ ಗಳಿಗೆ ಬೇರಿಲ್ಲ.

ಎತ್ತುವುದು ಎಂದರೆ ಮಣಿಕಟ್ಟಿನ ಒಂದು ಚುರುಕು ಮಿಸುಕಾಟ, ಕೋಲಿನ ತುದಿ ಅರ್ಧ ಅಡಿ ಮೇಲೆ ಬಂದರೆ ಸಾಕು. ತೋಳು ಬೀಸಿ ಎಳೆದರೆ ದೊಡ್ಡ ಮೀನಿನ ತುಟಿ ಹರಿಯುತ್ತದೆ, ಸಣ್ಣ ಮೀನು ತಲೆಯ ಮೇಲೆ ಹಾರಿ ಹಿಂದಿನ ಮುಳ್ಳುಬೇಲಿಯಲ್ಲಿ ಬೀಳುತ್ತದೆ. ಕಾಲು ಕೆ.ಜಿ.ಗಿಂತ ದೊಡ್ಡದಾದರೆ ನೀರಿನಿಂದ ನೇತಾಡಿಸಿ ತರಬೇಡಿ. ಕೋಲಿನ ತುದಿ ಮೇಲೇ ಇರಲಿ, ಅದು ಎಳೆದಾಗ ಕೋಲು ಬಾಗಲಿ, ಪಕ್ಕಕ್ಕೆ ಮಲಗಿದ ಮೇಲೆ ಕೈಬಲೆಯಲ್ಲಿ ತೆಗೆದುಕೊಳ್ಳಿ. ಜೊಂಡಿನ ಕಡೆ ಓಡಿದರೆ ಕೋಲನ್ನು ಎದುರು ದಿಕ್ಕಿಗೆ ನೀರಿನ ಮಟ್ಟಕ್ಕೆ ಅಡ್ಡ ಹಿಡಿದರೆ ತಿರುಗುತ್ತದೆ.

ಎರೆ ಪದೇಪದೇ ಹೋಗುತ್ತಿದ್ದರೆ ಕಾರಣ ಬೇರೆ ಬೇರೆ. ಬೆಂಡು ಟಕಟಕ ಕುಣಿದು ಹಿಟ್ಟು ಹೋದರೆ ಪಕ್ಕೆ. ಹಿಟ್ಟು ಗಟ್ಟಿ ಮಾಡಿ, ಗಾಳದ ಹತ್ತಿರ ಇನ್ನೊಂದು ಗುಂಡು ಹಾಕಿ ಎರೆ ಬೇಗ ತಳಕ್ಕೆ ಹೋಗುವಂತೆ ಮಾಡಿ, ಬೆಂಡನ್ನೂ ಮತ್ತೊಮ್ಮೆ ತೂಗಿಕೊಳ್ಳಿ. ಬೆಂಡು ಅಲುಗದೆಯೇ ಎರೆ ಮಾಯವಾಗಿ, ತಂಗೂಸಿ ಒರಟಾಗಿ ಬಂದರೆ ಏಡಿ. ಕಲ್ಲಿನ ಏರಿಯಿಂದ ಎರಡು ಮಾರು ಆಚೆ ಹಾಕಿ, ತಳದಿಂದ ಒಂದಡಿ ಎತ್ತಿ. ಮೀನು ಬಿದ್ದಂತಾಗಿ ಅರ್ಧ ದಾರಿಯಲ್ಲಿ ಕಳಚುತ್ತಿದ್ದರೆ ಗಾಳದ ಮೊನೆ ನೋಡಿ. ಆಮೆ ಬಿದ್ದರೆ ಎಳೆದಾಡದೆ ಹತ್ತಿರ ತಂದು ಗಾಳ ಬಿಡಿಸಿ ನೀರಿಗೇ ಬಿಡಿ, ಕೆರೆ ಆಮೆಗೆ ಕಾನೂನಿನ ರಕ್ಷಣೆ ಇದೆ.

ಬಿದ್ದ ಮೇಲೆ

ಜಿಲೇಬಿಯ ಬೆನ್ನಿನ ಮುಳ್ಳು ಚುಚ್ಚಿದರೆ ದಿನವೆಲ್ಲ ಜುಮುಗುಟ್ಟುತ್ತದೆ. ಅಂಗೈಯನ್ನು ತಲೆಯ ಕಡೆಯಿಂದ ಬಾಲದ ಕಡೆಗೆ ಸವರುತ್ತ ತಂದರೆ ಮುಳ್ಳು ಮಡಚಿಕೊಳ್ಳುತ್ತದೆ, ಆಗ ಬಿಗಿಯಾಗಿ ಹಿಡಿಯಿರಿ. ಗಾಳ ಒಳಗೆ ಹೋಗಿದ್ದರೆ ಬೆರಳು ಹಾಕಬೇಡಿ, ಚಿಮಟದಿಂದ ಗಾಳದ ಬಾಗನ್ನು ಹಿಡಿದು ಒಳಕ್ಕೆ ಒತ್ತಿ ಹಿಂದಕ್ಕೆ ತೆಗೆಯಿರಿ. ಹಿಡಿದ ಹೆಣ್ಣಿನ ಬಾಯಿಂದ ಹಳದಿ ಮೊಟ್ಟೆ, ಎಳ್ಳುಕಾಳಿನಂಥ ಕಣ್ಣಿನ ಮರಿ ಉದುರುವುದುಂಟು, ಗಾಬರಿ ಬೇಡ. ಜಿಲೇಬಿ ಮರಿಯನ್ನು ಬಕೆಟಿನಲ್ಲಿ ತಂದು ಇನ್ನೊಂದು ಕೆರೆಗೋ ಬಾವಿಗೋ ಬಿಡುವುದು ಮಾತ್ರ ಮಾಡಲೇಬೇಡಿ. ಆ ನೀರಿನ ಪಕ್ಕೆ, ಗೆಂಡೆ ಮೀನುಗಳ ಮೇವನ್ನೂ ಜಾಗವನ್ನೂ ಅದು ಕಿತ್ತುಕೊಳ್ಳುತ್ತದೆ. ಗಾಳಕ್ಕೆ ಬಿದ್ದ ಗೆಂಡೆ ಮರಿಯನ್ನು ಒದ್ದೆ ಕೈಯಲ್ಲಿ ಹಿಡಿದು ನೀರಿಗೆ ಬಿಡಿ.

ಮೀನನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬಿಸಿಲಿಗೆ ಎರಡು ಗಂಟೆಯಲ್ಲಿ ಕೆಡುತ್ತದೆ. ಒದ್ದೆ ಗೋಣಿಚೀಲದಲ್ಲಿ ನೆರಳಿಗಿಡಿ, ಆಗಾಗ ನೀರು ಚಿಮುಕಿಸಿ. ದಡದ ನೀರಿನಲ್ಲಿ ದಾರಕ್ಕೆ ಪೋಣಿಸಿ ಬಿಟ್ಟರೆ ನೀರೊಳ್ಳೆ ಹಾವು ಬರುತ್ತದೆ. ಅದಕ್ಕೆ ವಿಷವಿಲ್ಲ, ಹೊಡೆಯಬೇಡಿ.

ಕತ್ತರಿಸಿದ ತಂಗೂಸಿಯನ್ನು ಒಂದು ತುಂಡೂ ಬಿಡದೆ ಡಬ್ಬಿಯಲ್ಲಿ ಹಾಕಿಕೊಂಡು ಬನ್ನಿ. ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮೀನಿಗಾಗಿ ಇಳಿಯುವುದು ಸುತ್ತಲಿನ ಇಂಥವೇ ಕೆರೆಗಳಿಗೆ. ಕಾಲಿಗೋ ಕೊಕ್ಕಿಗೋ ಸುತ್ತಿಕೊಂಡ ತಂಗೂಸಿಯನ್ನು ಹಕ್ಕಿಗೆ ಬಿಡಿಸಿಕೊಳ್ಳಲಾಗದು, ಅದು ತಾನಾಗಿ ಕೊಳೆಯುವುದೂ ಇಲ್ಲ.

ಮನೆಗೆ ಬಂದು ಒರಟು ಕಲ್ಲಿನ ಮೇಲೆ ಬೂದಿ ಹಾಕಿ ಉಜ್ಜಿ ಹುರುಪೆ ತೆಗೆಯುವಾಗ ಹೊಟ್ಟೆಯೊಳಗೆ ಅಂಟಿಕೊಂಡಿರುವ ಕಪ್ಪು ಪೊರೆಯನ್ನು ನೋಡಿಕೊಳ್ಳಿ. ಅದನ್ನು ಕೆರೆದು ತೆಗೆಯದಿದ್ದರೆ ಸಾರಿಗೆ ಕಹಿ ಇಳಿಯುತ್ತದೆ. ಪಾಚಿ ನೀರಿನ ಮೀನಿಗೆ ಇರುವ ಕೆಸರು ವಾಸನೆ ಹುಳಿಗೆ ಕಡಿಮೆಯಾಗುತ್ತದೆ. ಉಪ್ಪು, ಹುಣಸೆ ರಸ ಸವರಿ ಇಪ್ಪತ್ತು ನಿಮಿಷ ಇಟ್ಟು ಎರಡು ನೀರಿನಲ್ಲಿ ತೊಳೆದು ಒಲೆಗೆ ಹಾಕಿ.